ತೊಗರಿ ಬ್ಯಾಳಿ ಮತ್ತು ಜಿಡ್ಡು ಹಿಡಿಸಿದ ಸಿಲಿಕಾ

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಸೇಡಂ ಹಾದು ತೆಲಂಗಾಣಕ್ಕೆ ಹೋಗುವ ರೈಲುದಾರಿಯ ಸೀಮೆಯಲ್ಲಿ ನೆಲದಡಿ ಸುಣ್ಣದಕಲ್ಲು, ನೆಲದ ಮೇಲೆ ತೊಗರಿ. ಶಹಾಬಾದಿನ ಫರಸಿಯೂ ಸೇಡಂ, ವಾಡಿಯ ಸಿಮೆಂಟೂ ಈ ಕಲ್ಲಿನವೇ. 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಇಲ್ಲಿನ ತೊಗರಿ ಬ್ಯಾಳಿಯ ರುಚಿಗೂ ಮಣ್ಣಿನ ಕ್ಯಾಲ್ಸಿಯಂ ಕಾರಣವೆನ್ನುತ್ತಾರೆ. ಬೆರೆತ ರಾಸಾಯನಿಕಗಳನ್ನು ಬಿಡಿಸುವ ಕ್ರೊಮ್ಯಾಟೋಗ್ರಫಿಯ ಆರಂಭದ ದಿನಗಳಲ್ಲೂ ಇದೇ ಸುಣ್ಣದಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಇತ್ತು.

ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಗಾಜಿನ ನಳಿಗೆಯಲ್ಲಿ ಅದರ ಪುಡಿ ತುಂಬಿ ಎಲೆಯ ಸಾರವನ್ನು ಮೇಲಿನಿಂದ ಇಳಿಬಿಟ್ಟ. ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ನಿಂತವು. 1903ರಲ್ಲಿ ವಾರ್ಸಾದಲ್ಲಿ ಈ ವಿಧಾನವನ್ನು ಮಂಡಿಸಿದ, 1906ರಲ್ಲಿ ಹೆಸರಿಟ್ಟ. ಜಗತ್ತು ಅದನ್ನು ಮತ್ತೆ ಗಂಭೀರವಾಗಿ ಕೈಗೆತ್ತಿಕೊಂಡದ್ದು 1931ರಲ್ಲಿ. ಅಷ್ಟರಲ್ಲಿ ಟ್ಸ್ವೆಟ್ ತೀರಿಕೊಂಡು ಹನ್ನೆರಡು ವರ್ಷ.

1941ರಲ್ಲಿ ರಸಾಯನವಿಜ್ಞಾನಿಗಳಾದ ಮಾರ್ಟಿನ್ ಮತ್ತು ಸಿಂಜ್ ಸಿಲಿಕಾದಲ್ಲಿ ನೀರು ಹಿಡಿದಿಟ್ಟು ಅದರ ಮೇಲೆ ಬೇರೊಂದು ದ್ರಾವಕ ಹರಿಸಿದರು. ಈ ಸಾಲಿನ ಕೆಲಸಕ್ಕೇ ಮುಂದೆ ನೊಬೆಲ್ ಬಂತು. ಆದರೆ ಜಿಡ್ಡಿನ ಅಣುಗಳಿಗೆ ನೀರಿನ ಸಂಗ ಬೇಡ. ಅವು ನಿಲ್ಲದೆ ಹರಿದುಹೋಗುತ್ತಿದ್ದವು. 1950ರಲ್ಲಿ ಹೋವರ್ಡ್ ಎಂಬ ಸಹೋದ್ಯೋಗಿಯ ಜೊತೆಗೂಡಿ ಮಾರ್ಟಿನ್ ಏರ್ಪಾಟನ್ನೇ ತಿರುಗಿಸಿದ. ಕೀಸಲ್‌ಗೂರ್ ಎಂಬ ಸಿಲಿಕಾ ಮಣ್ಣಿಗೆ ನೀರು ಹತ್ತದಂತೆ ಮಾಡಿ ಪ್ಯಾರಾಫಿನ್ ಹಿಡಿಸಿದರು. ಜಿಡ್ಡು ಒಳಗೆ ಕೂತಿತು, ನೀರು ಬೆರೆತ ದ್ರಾವಕ ಹರಿಯಿತು. ರಿವರ್ಸ್ಡ್ ಫೇಸ್ ಎಂಬ ಹೆಸರು ಈ ಅದಲುಬದಲಿನದು.

ಪ್ಯಾರಾಫಿನ್ ತೊಳೆದುಹೋಗುವುದೊಂದು ತೊಡಕು. ಹದಿನೆಂಟು ಇಂಗಾಲಗಳ ಸರಪಳಿಯನ್ನು ಸಿಲಿಕಾಕ್ಕೆ ರಾಸಾಯನಿಕವಾಗಿಯೇ ಬೆಸೆದಾಗ ಅದು ತೀರಿತು. 1973ರ ಮ್ಯೂ-ಬಾಂಡಾಪ್ಯಾಕ್ ಸಿ-18 ಕಾಲಮ್ ಲ್ಯಾಬುಗಳ ದಿಕ್ಕನ್ನೇ ಬದಲಿಸಿತು.

ಇಂದಿಗೂ ಬಳಕೆಯಲ್ಲಿರುವ ಸಿ-18 ಕಾಲಮ್ ಅಂಗೈಯಲ್ಲಿ ಹಿಡಿಯಬಹುದಾದ ಉಕ್ಕಿನ ಕೊಳವೆ: ಉದ್ದ 25 ಸೆಂ.ಮೀ., ಒಳವ್ಯಾಸ 4.6 ಮಿ.ಮೀ., ದ್ರಾವಕ ಹರಿಯಬೇಕಾದ ದಿಕ್ಕಿಗೆ ಮೈಮೇಲೆ ಬಾಣದ ಗುರುತು. ಒಳಗಿನ ಬಿಳಿ ಪುಡಿಯ ಒಂದು ಗ್ರಾಮಿನ ರಂಧ್ರಗಳನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 300 ಚದರ ಮೀಟರ್. 30–40 ಅಡಿಯ ಸುಮಾರು ಎರಡೂಮುಕ್ಕಾಲು ಸೈಟು. ಇಷ್ಟು ಜಾಗದಲ್ಲಿ ಅಣುಗಳು ಜಿಡ್ಡಿಗೆ ಅಂಟುತ್ತ ಬಿಡುತ್ತ ಸಾಗುತ್ತವೆ.

ಆಮೇಲಿನದು ಈ ಪುಡಿಯ ಕಣ ಸಣ್ಣಗೆ ಮಾಡುವ ಪೈಪೋಟಿ: 10 ಮೈಕ್ರಾನ್, 5, 3, ಕಡೆಗೆ 2004ರಲ್ಲಿ 1.7. ಕಣ ಅರ್ಧಕ್ಕಿಳಿದರೆ ಅದೇ ವೇಗಕ್ಕೆ ನಾಲ್ಕು ಪಟ್ಟು ಒತ್ತಡ ಬೇಕು; ಪಂಪುಗಳು 1000 ಬಾರ್ ಮುಟ್ಟಿದವು. ಗಟ್ಟಿ ತಿರುಳಿನ ಮೇಲೆ ತೆಳು ರಂಧ್ರಪದರ ಹೊದಿಸಿದ 2.7 ಮೈಕ್ರಾನ್ ಕಣಗಳು ಬಂದ ಮೇಲೆ ಹಳೆಯ ಪಂಪುಗಳಿಗೂ ಬಾಳು ಬಂತು. ದುಬಾರಿ ಯಂತ್ರ ಕೊಳ್ಳಲಾಗದ ಲ್ಯಾಬುಗಳಿಗೆ ಹೆಚ್ಚು ಉಪಕಾರ ಮಾಡಿದ್ದು ಇದೇ. ಒಂದು ಕೊರತೆ ಮಾತ್ರ ಹುಟ್ಟಿನಿಂದಲೂ ಉಂಟು: ಪಿಎಚ್ 8 ದಾಟಿದರೆ ಸಾದಾ ಸಿಲಿಕಾ ಕರಗತೊಡಗುತ್ತದೆ. ಸುಣ್ಣದ ತಿಳಿನೀರು ಹರಿಸಿದರಂತೂ ಕಾಲಮ್ ಹಾಳೇ.

ಕಲಬುರಗಿ ಜಿಲ್ಲೆಯ ಚಿಂಚೋಳಿಯ ಹೊಲಕ್ಕೂ ಈ ಕೊಳವೆಗೂ ನಂಟು ಹಾಕಿದ್ದು ಕಾಯಿಕೊರಕ ಹುಳು. ತೊಗರಿ ಗಿಡ ಅಲ್ಲಾಡಿಸಿ ಹುಳು ಉದುರಿಸುವ ರೂಢಿ ಕಲಬುರಗಿ ಕಡೆಯದು; ಅದು ಸಾಲದಾದಾಗ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಬ್ಯಾಳಿಯಲ್ಲಿ ಅದರ ಉಳಿಕೆ ಎಷ್ಟೆಂದು ಹೇಳಲು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟನಾಶಕ ಶೇಷಾಂಶ ಪ್ರಯೋಗಾಲಯದಂಥ ಕಡೆ ಪರೀಕ್ಷೆಯಾಗಬೇಕು. ಬ್ಯಾಳಿಯ ಹಿಟ್ಟನ್ನು ನೀರಲ್ಲಿ ನೆನೆಸಿ, ಅಸಿಟೋನೈಟ್ರೈಲ್ ಹಾಕಿ ಕುಲುಕಿ, ಉಪ್ಪು ಬೆರೆಸಿ ಗಿರಗಿರ ತಿರುಗಿಸಿ ತೆಗೆದ ತಿಳಿಯನ್ನು ಸಿ-18ಕ್ಕೆ ಬಿಡುವುದು ಈಗಿನ ಸಾಮಾನ್ಯ ಕ್ರಮ. ನೀರನ್ನು ಮೆಚ್ಚುವ ಇಮಿಡಾಕ್ಲೋಪ್ರಿಡ್ ಬೇಗ ಹೊರಬೀಳುತ್ತದೆ. ಜಿಡ್ಡನ್ನು ಮೆಚ್ಚುವ ಎಮಾಮೆಕ್ಟಿನ್ ಬೆಂಜೋಯೇಟ್ ತಡವಾಗಿ ಬರುತ್ತದೆ. ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಯುರೋಪಿನ ಒಕ್ಕೂಟ ಒಪ್ಪುವುದು ಕಿಲೋಗೆ 0.01 ಮಿಲಿಗ್ರಾಂ, ಅಂದರೆ ಒಂದು ಕ್ವಿಂಟಲ್ ತೊಗರಿಯಲ್ಲಿ ಒಂದೇ ಮಿಲಿಗ್ರಾಂ. ಈ ಅಂಕಿ ರಫ್ತುದಾರನ ಕಡತದಲ್ಲಷ್ಟೇ ಉಳಿಯಬಾರದು. ಯಾವ ಎಣ್ಣಿ ಹೊಡೆದರೆ ಎಷ್ಟು ದಿನಕ್ಕೆ ಇಳಿಯುತ್ತದೆಂಬುದು ಬೆನ್ನಿಗೆ ಪಂಪು ಕಟ್ಟಿಕೊಂಡ ರೈತನಿಗೆ ರಾಶಿ ಮಾಡುವ ಮೊದಲೇ ತಿಳಿಯಬೇಕು.