ಆಕಾಶದ ಗಾಯರಾಣ

ಆಟಿಕೆ ಅಂಗಡಿಯಲ್ಲಿ ರಿಮೋಟ್ ಕಾರಿನ ಡಬ್ಬಿ ತಿರುಗಿಸಿ ನೋಡಿ. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 27 ಮೆಗಾಹರ್ಟ್ಸ್ ಅಂತಲೋ 2.4 ಗಿಗಾಹರ್ಟ್ಸ್ ಅಂತಲೋ ಬರೆದಿರುತ್ತೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಎಷ್ಟು ಜೋರಾಗಿ ಓಡುತ್ತೆ ಅಂತೆಲ್ಲ ಕೇಳುವ ನಾವು ಆ ನಂಬರಿನ ಗೋಜಿಗೆ ಹೋಗೋದಿಲ್ಲ. ಆದರೆ ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಜಗಳ, ರಾಜಿ, ಕಾಯ್ದೆ ಎಲ್ಲ ಇವೆ. ಆಕಾಶ ಯಾರದು ಅನ್ನೋ ಪ್ರಶ್ನೆಗೆ ನಮ್ಮ ದೇಶ ಕೊಟ್ಟ ಉತ್ತರ ಹೇಗೆ ಬದಲಾಗುತ್ತಾ ಬಂತು ಅಂತ ತಿಳಿಯೋಕೆ 2ಜಿ ಹಗರಣದ ಕಡತಗಳಿಗಿಂತ ಈ ಡಬ್ಬಿ ಸಲೀಸು.

ನಾನು ರಬಕವಿಯವನು. ನಮ್ಮ ಕಡೆ ಊರ ದನ ಮೇಯೋಕೆ ಬಿಟ್ಟ ಜಮೀನಿಗೆ ಗಾಯರಾಣ ಅಂತಾರೆ. ಮೈಸೂರು ಕಡೆಯವರಿಗೆ ಅದು ಗೋಮಾಳ. ಅಲ್ಲಿ ಯಾರೂ ಬಿತ್ತುವ ಹಾಗಿಲ್ಲ, ಬೇಲಿ ಹಾಕುವ ಹಾಗಿಲ್ಲ. ಯಾರ ಎಮ್ಮೆ ಬೇಕಾದರೂ ಮೇಯಬಹುದು. ಸಾಮಾನ್ಯವಾಗಿ ಕಲ್ಲು, ಗರಸು ತುಂಬಿದ, ಯಾರೂ ಆಸೆಪಡದ ನೆಲವೇ ಗಾಯರಾಣ ಆಗಿರುತ್ತೆ. ರೇಡಿಯೊ ತರಂಗಗಳಲ್ಲೂ ಹೀಗೊಂದು ಗಾಯರಾಣ ಇದೆ. ರಿಮೋಟ್ ಕಾರುಗಳು ಓಡೋದು ಅಲ್ಲೇ.

ಮೊದಲಿಗೆ ಆಕಾಶಕ್ಕೆ ಹದ್ದುಬಸ್ತೇ ಇರಲಿಲ್ಲ. 1895ರ ಸುಮಾರಿಗೆ ಕಲ್ಕತ್ತಾದ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸ್ ತಂತಿಯಿಲ್ಲದೆ, ಗೋಡೆಯಾಚೆಯಿಂದ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. ಒಂದು ಲೆಕ್ಕದಲ್ಲಿ ನಮ್ಮ ನೆಲದ ಮೊದಲ ರಿಮೋಟ್ ಕಂಟ್ರೋಲ್ ಪ್ರಯೋಗ ಅದೇ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ನೀರಿನ ಮೇಲೆ ಒಂದು ಪುಟ್ಟ ದೋಣಿಯನ್ನು ದೂರದಿಂದಲೇ ತಿರುಗಿಸಿದರು. ಇವರಿಬ್ಬರೂ ಯಾವ ಫ್ರೀಕ್ವೆನ್ಸಿ ಬಳಸಲಿ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಊರಲ್ಲಿ ಒಂದೇ ಎತ್ತಿನಗಾಡಿ ಇದ್ದಾಗ ಎಡಕ್ಕೆ ಹೋದರೇನು, ಬಲಕ್ಕೆ ಹೋದರೇನು?

ಆಮೇಲೆ ಸರ್ಕಾರ ಬಂತು. 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ಸಂದೇಶ ಸಾಗಿಸುವ ಹಕ್ಕನ್ನು ಆಗಲೇ ಸರ್ಕಾರದ ಕೈಗೆ ಕೊಟ್ಟಿತ್ತು. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳೋದೇ ಅಪರಾಧ ಅಂದಿತು. ಗಮನಿಸಿ, ಬಳಸಬೇಕಂತಲೂ ಇಲ್ಲ, ಮನೆಯಲ್ಲಿದ್ದರೆ ಸಾಕು. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕೆ ಶುರುವಾಗಿ ನಮ್ಮ ಭಾಗದ ನೇಕಾರರ ಮನೆಗೆ ರೇಡಿಯೊ ಬಂದಾಗಲೂ, ಬರೀ ಕೇಳುವ ಆ ಪೆಟ್ಟಿಗೆಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದ ನಡುವಿನವರೆಗೂ ಈ ಪದ್ಧತಿ ನಡೆಯಿತು. ನಮ್ಮ ಅಜ್ಜನ ಟ್ರಂಕಿನಲ್ಲಿ ಅಂಚೆ ಮುದ್ರೆ ಬಿದ್ದ ಆ ಪುಸ್ತಕ ಈಗಲೂ ಇದೆ. ಹಾಡು ಕೇಳೋಕೇ ಇಷ್ಟು ಕಾಗದಪತ್ರ ಬೇಕಾದ ದೇಶದಲ್ಲಿ, ಆಟಕ್ಕಂತ ತರಂಗ ಹೊರಡಿಸುವ ಯಂತ್ರಕ್ಕೆ ಎಲ್ಲಿಯ ಜಾಗ?

ಜಾಗ ಸಿಕ್ಕಿದ ಕಥೆ ಸ್ವಾರಸ್ಯವಾಗಿದೆ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಜಗತ್ತಿನ ದೇಶಗಳು ಸೇರಿ ತರಂಗಗಳನ್ನು ಹಂಚಿಕೊಂಡವು. ಹಡಗಿಗೆ ಇಷ್ಟು, ವಿಮಾನಕ್ಕೆ ಇಷ್ಟು, ಪ್ರಸಾರಕ್ಕೆ ಇಷ್ಟು. ಆಗ ಒಂದು ತಲೆನೋವು ಎದುರಾಯಿತು. ಫಿಸಿಯೋಥೆರಪಿಯಲ್ಲಿ ಸ್ನಾಯುಗಳಿಗೆ ಶಾಖ ಕೊಡುವ ಯಂತ್ರ, ಪ್ಲಾಸ್ಟಿಕ್ ಬೆಸೆಯುವ ಕಾರ್ಖಾನೆ ಯಂತ್ರ, ಇವು ಕೂಡ ರೇಡಿಯೊ ತರಂಗ ಉಗುಳುತ್ತವೆ. ಮಾತಾಡುವ ಉದ್ದೇಶ ಇಲ್ಲ, ಬರೀ ಗದ್ದಲ. ಈ ಗದ್ದಲಕ್ಕಂತಲೇ ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟರು. 27.12 ಮೆಗಾಹರ್ಟ್ಸ್ ಸುತ್ತಲಿನದು ಒಂದು, 2.45 ಗಿಗಾಹರ್ಟ್ಸ್ ಸುತ್ತಲಿನದು ಇನ್ನೊಂದು. ಮರ್ಯಾದಸ್ಥ ಸೇವೆಗಳು ಅತ್ತ ತಲೆ ಹಾಕಲಿಲ್ಲ. ಕಲ್ಲು ತುಂಬಿದ ಆ ನೆಲಕ್ಕೆ ಆಟದವರು ನುಗ್ಗಿದರು. ಷರತ್ತು ಎರಡೇ: ನಿನ್ನಿಂದ ಬೇರೆಯವರಿಗೆ ತೊಂದರೆ ಆಗಬಾರದು, ಬೇರೆಯವರಿಂದ ನಿನಗೆ ತೊಂದರೆ ಆದರೆ ದೂರು ಹೇಳಬಾರದು.

27ರ ಪಟ್ಟಿ ಬಹಳ ಇಕ್ಕಟ್ಟು. 26.957ರಿಂದ 27.283 ಮೆಗಾಹರ್ಟ್ಸ್, ಅಂದರೆ ಅರ್ಧ ಮೆಗಾಹರ್ಟ್ಸ್ ಕೂಡ ಇಲ್ಲ. ಹವ್ಯಾಸಿಗಳು ಅದರಲ್ಲೇ ಆರು ಓಣಿ ಮಾಡಿಕೊಂಡರು, ಒಂದೊಂದಕ್ಕೂ ಒಂದು ಬಣ್ಣ: 26.995 ಕಂದು, 27.045 ಕೆಂಪು, 27.095 ಕಿತ್ತಳೆ, 27.145 ಹಳದಿ, 27.195 ಹಸಿರು, 27.255 ನೀಲಿ. ಕಾರಿನ ಆಂಟೆನಾಗೆ ಆ ಬಣ್ಣದ ರಿಬ್ಬನ್ ಕಟ್ಟೋರು. ಓಣಿ ಬದಲಿಸಬೇಕಂದರೆ ಕ್ರಿಸ್ಟಲ್ ಕಿತ್ತು ಬೇರೆಯದು ಹಾಕಬೇಕು, ರಿಮೋಟಿಗೊಂದು, ಕಾರಿಗೊಂದು. ಹಳದಿ ಜೋಡಿಯಲ್ಲಿ ರಿಮೋಟಿನದು 27.145 ಆದರೆ ಕಾರಿನದು ಸಾಮಾನ್ಯವಾಗಿ 26.690. ವ್ಯತ್ಯಾಸ 455 ಕಿಲೋಹರ್ಟ್ಸ್. ಈ 455 ನಮ್ಮೂರಿನ ಹಳೇ ರೇಡಿಯೊ ರಿಪೇರಿಯವರಿಗೆ ಬಾಯಿಪಾಠ. ಮನೆಯ ಮೀಡಿಯಂ ವೇವ್ ರೇಡಿಯೊ ಕೂಡ ಬಂದ ಸಿಗ್ನಲನ್ನು ಒಳಗೆ ಅದೇ 455ಕ್ಕೆ ಇಳಿಸಿಕೊಂಡು ಕೇಳಿಸುತ್ತೆ. ಧಾರವಾಡದ ಹಾಡೂ ಆಟದ ಕಾರೂ ಒಂದೇ ಬಾಗಿಲಿನಿಂದ ಒಳಗೆ ಬರ್ತವೆ ಅನ್ನಿ.

ಇಬ್ಬರು ಒಂದೇ ಓಣಿಗೆ ಬಂದರೆ? ವಿದೇಶದ ಕ್ಲಬ್ಬುಗಳಲ್ಲಿ ಒಂದು ಹಲಗೆ ತೂಗುಹಾಕಿರುತ್ತಿದ್ದರು. ಅದರಲ್ಲಿ ಪ್ರತಿ ಚಾನಲ್‌ಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದೇ ಒಂದು ಕ್ಲಿಪ್ಪು. ಅದು ನಿಮ್ಮ ಕೈಯಲ್ಲಿದ್ದರೆ ಮಾತ್ರ ರಿಮೋಟ್ ಆನ್ ಮಾಡಬಹುದು. ಕಾಲುವೆ ನೀರಿಗೆ ಪಾಳಿ ಹಚ್ಚಿದ ಹಾಗೆ. ಕಾರಿಗೆ ಕಾರು ಡಿಕ್ಕಿಯಾದರೆ ಬಂಪರ್ ಹೋಗುತ್ತೆ, ಅಷ್ಟೇ. ಆದರೆ ಮಾದರಿ ವಿಮಾನ ಹಾರಿಸುವಾಗ ಯಾರೋ ಅದೇ ಚಾನಲ್ಲಿನ ರಿಮೋಟ್ ಆನ್ ಮಾಡಿದರೆ, ವೇಗದಲ್ಲಿ ಬರುವ ಆ ವಿಮಾನ ಯಾರ ತಲೆ ಮೇಲೆ ಬೀಳುತ್ತೋ ಹೇಳೋಕಾಗಲ್ಲ. ಹಾಗಾಗಿಯೇ ಅಮೆರಿಕ 72 ಮೆಗಾಹರ್ಟ್ಸ್‌ನಲ್ಲಿ 50 ಚಾನಲ್ ವಿಮಾನಕ್ಕೆ, 75ರಲ್ಲಿ 30 ಚಾನಲ್ ಕಾರು-ದೋಣಿಗೆ ಅಂತ ಬೇರೆ ಮಾಡಿತು. ಬ್ರಿಟನ್ನಿನಲ್ಲಿ 35 ವಿಮಾನಕ್ಕೆ, 40 ಕಾರು-ದೋಣಿಗೆ. ಒಬ್ಬರ ಮೋಜು ಇನ್ನೊಬ್ಬರ ಪ್ರಾಣಕ್ಕೆ ಕುತ್ತಾಗಬಾರದು ಅನ್ನೋ ತಿಳಿವಳಿಕೆ ಇದು.

ಅಗ್ಗದ ಆಟಿಕೆಗೆ ಇಷ್ಟು ಶಿಸ್ತು ಇರೋದಿಲ್ಲ. ಅದರ ರಿಸೀವರಿನ ಕಿವಿ ಬಹಳ ಅಗಲ; 27ರ ಹತ್ತಿರ ಏನು ಕೇಳಿದರೂ ತನಗೇ ಹೇಳಿದ್ದು ಅಂದುಕೊಳ್ಳುತ್ತೆ. ಹೋದ ಸಲ ಊರಿಗೆ ಹೋದಾಗ ಅಣ್ಣನ ಮಕ್ಕಳಿಬ್ಬರು ಜಾತ್ರೆಯಲ್ಲಿ ತಂದ ಕಾರು ಹಿಡಿದು ಪಂಚಾಯಿತಿಗೆ ಬಂದರು. "ಕಾಕಾ, ಗಾಡಿ ನಂದು, ಆದ್ರ ಇವನ ಮಾತು ಕೇಳಾಕತ್ತೈತಿ ನೋಡ್ರಿ!" ಡಬ್ಬಿ ನೋಡಿದರೆ ಎರಡರ ಮೇಲೂ 27. ಸಣ್ಣವನು ಕೊನೆಗೆ ತಾನೇ ತೀರ್ಪು ಕೊಟ್ಟ: "ಹಂಗಾರ ಒಬ್ಬರಾದ ಮ್ಯಾಲ ಒಬ್ರು ಆಡೂಣು." ಕ್ಲಬ್ಬಿನ ಹಲಗೆಯ ಕಾನೂನು ಆರು ವರ್ಷದ ಹುಡುಗನಿಗೆ ಯಾರೂ ಹೇಳಿಕೊಡದೆ ಹೊಳೆದಿತ್ತು.

ಪಾಳಿಯೇ ಬೇಡ, ಎಲ್ಲರೂ ಒಟ್ಟಿಗೇ ಆಡೋಣ ಅನ್ನೋ ಉಪಾಯಕ್ಕೂ ಹಳೇ ಬೇರಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ರೇಡಿಯೊದಿಂದ ನಡೆಸುವ ಟಾರ್ಪಿಡೋಗೆ ಒಂದು ಗುಟ್ಟು ಕಂಡುಹಿಡಿದು, 1942ರ ಆಗಸ್ಟ್ 11ರಂದು ಪೇಟೆಂಟ್ ಪಡೆದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಕೂತಿದ್ದರೆ ಶತ್ರು ಅಡ್ಡಿ ಮಾಡ್ತಾನೆ; ಹಾಗಾಗಿ ಕಳಿಸುವವನೂ ಕೇಳುವವನೂ ಒಂದೇ ಲಯದಲ್ಲಿ ಫ್ರೀಕ್ವೆನ್ಸಿಯಿಂದ ಫ್ರೀಕ್ವೆನ್ಸಿಗೆ ಜಿಗಿಯುತ್ತಾ ಇರಬೇಕು. ಲಯ ತಪ್ಪದಂತೆ ಎರಡೂ ಕಡೆ ತಂತಾನೇ ನುಡಿಯುವ ಪಿಯಾನೋದ ರಂಧ್ರ ಕೊರೆದ ಕಾಗದದ ಸುರುಳಿ, ಪಿಯಾನೋದ ಮನೆಗಳಷ್ಟೇ ಅಂದರೆ 88 ಫ್ರೀಕ್ವೆನ್ಸಿ. ಜಕಾರ್ಡ್ ಮಗ್ಗ ನೋಡಿದ ನಮ್ಮೂರವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಡಿನಲ್ಲಿ ತೂತು ಎಲ್ಲಿದೆಯೋ ಅದರ ಪ್ರಕಾರ ಎಳೆ ಏಳುತ್ತೆ, ಸೀರೆಯ ಅಂಚಿನ ಚಿತ್ತಾರ ಮೂಡುತ್ತೆ. ಇಂದಿನ ರಿಮೋಟುಗಳೆಲ್ಲ ಆ ಪೇಟೆಂಟಿನ ನೇರ ಮಕ್ಕಳು ಅಂದರೆ ಉತ್ಪ್ರೇಕ್ಷೆ ಆದೀತು, ಆದರೆ ಉಪಾಯ ಅದೇ ಜಾತಿಯದು.

1985ರಲ್ಲಿ ಅಮೆರಿಕ ಸರ್ಕಾರ ಗದ್ದಲದ ಪಟ್ಟಿಗಳಲ್ಲಿ ಇಂಥ ಹರಡಿಕೊಳ್ಳುವ, ಜಿಗಿಯುವ ರೇಡಿಯೊಗಳಿಗೆ ಲೈಸೆನ್ಸ್ ಬೇಡ ಅಂದಿತು. ಮೈಕ್ರೋವೇವ್ ಓವನ್ ಮಾತ್ರ ಗುಂಯ್‌ಗುಡುತ್ತಿದ್ದ 2.4 ಗಿಗಾಹರ್ಟ್ಸ್ ಬೀದಿಗೆ ವೈಫೈ, ಬ್ಲೂಟೂತ್, ಕಡೆಗೆ ರಿಮೋಟ್ ಕಾರು ಬಂದವು. ಭಾರತದಲ್ಲಿ ಈ ಬಾಗಿಲು ಪೂರ್ತಿ ತೆರೆದದ್ದು 2005ರಲ್ಲಿ. ಆ ವರ್ಷದ ನಿಯಮಗಳು 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಮತ್ತು 27ರ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿದವು. ಅಮೆರಿಕದ ನೆಂಟರು ಸೂಟ್‌ಕೇಸಿನಲ್ಲಿ ತಂದ 75 ಮೆಗಾಹರ್ಟ್ಸ್ ಸೆಟ್ಟಿಗೆ ಈ ನಿಯಮ ಅನ್ವಯಿಸೋದಿಲ್ಲ ಅನ್ನೋದು ನೆನಪಿರಲಿ.

ಹಾಗಾದರೆ ಯಾವುದು ಆರಿಸಬೇಕು? ಇಬ್ಬರಿಗಿಂತ ಹೆಚ್ಚು ಜನ ಆಡೋರಿದ್ದರೆ 2.4. ಅದರ ಅಗಲ 27ರ ಪಟ್ಟಿಯ ಸುಮಾರು 250 ಪಟ್ಟು. ರಿಮೋಟ್ ತನ್ನ ಕಾರಿನ ಗುರುತು ಹಿಡಿದು, ಅಕ್ಕಪಕ್ಕದವರಿಗೆ ಅಡ್ಡ ಬರದೆ ತನ್ನ ಕೆಲಸ ಮಾಡಿಕೊಳ್ಳುತ್ತೆ. ಮೋಟರಿನ ಬ್ರಷ್ಷಿನಲ್ಲಿ ಹಾರುವ ಕಿಡಿಯ ಕಾಟವೂ ಅಲ್ಲಿ ಕಡಿಮೆ. ಆಂಟೆನಾ ಮೂರು ಸೆಂಟಿಮೀಟರ್ ಇದ್ದರೆ ಸಾಕು; 27ಕ್ಕೆ ಲೆಕ್ಕದ ಪ್ರಕಾರ ಪೌಣೇ ಮೂರು ಮೀಟರ್ ಬೇಕು, ಅದಕ್ಕೇ ಆಟಿಕೆಗಳ ಮೋಟು ಆಂಟೆನಾ ಹತ್ತು ಮಾರು ದೂರಕ್ಕೇ ಸೋಲುತ್ತೆ. ಆದರೆ 2.4ಕ್ಕೂ ಒಂದು ದೌರ್ಬಲ್ಯ ಇದೆ: ನೀರು. ನೀರುಂಡು ಬೆಳೆದ ಕಬ್ಬಿನ ಗದ್ದೆಯ ಆಚೆ ಕಾರು ಹೋದರೆ ಆ ಹಸಿ ಎಲೆಗಳೇ ತರಂಗವನ್ನು ಕುಡಿದುಬಿಡುತ್ತವೆ. ನಮ್ಮ ಕಡೆ ಆಡೋರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಓಡಿಸಿದರೆ ಕ್ಷೇಮ.

ನನಗೆ ಈ ಇತಿಹಾಸದಲ್ಲಿ ಮುಖ್ಯ ಅನಿಸೋದು ಬೇರೆ. 1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪ್ರಸಾರದ ಒಂದು ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ ಹೇಳಿತು. 2012ರಲ್ಲಿ 2ಜಿಯ 122 ಲೈಸೆನ್ಸ್ ರದ್ದು ಮಾಡಿತು. 2023ರ ದೂರಸಂಪರ್ಕ ಕಾಯ್ದೆ, ಕೇಂದ್ರ ಸರ್ಕಾರ ಜನರ ಪರವಾಗಿ ತರಂಗಾಂತರದ ಮಾಲೀಕ ಅನ್ನುತ್ತೆ. ಜನರ ಪರವಾಗಿ ಅನ್ನೋ ಮಾತಿಗೆ ಎರಡು ಅರ್ಥ ಮಾಡಬಹುದು. ಹರಾಜು ಹಾಕಿ ಬಂದ ಹಣ ಬೊಕ್ಕಸಕ್ಕೆ ಸೇರಿಸೋದು ಒಂದು. ಒಂದಿಷ್ಟು ಜಾಗ ಯಾರಿಗೂ ಮಾರದೆ ಎಲ್ಲರಿಗೂ ಬಿಡೋದು ಇನ್ನೊಂದು. 6 ಗಿಗಾಹರ್ಟ್ಸ್ ಸುತ್ತ ನಡೆದಿರುವ ಜಗ್ಗಾಟ ಇದೇ: ಮೊಬೈಲ್ ಕಂಪನಿಗಳಿಗೆ ಅದು ತಮಗೆ ಬೇಕು, ವೈಫೈ ಕಡೆಯವರಿಗೆ ಮುಕ್ತವಾಗಿರಬೇಕು. 2025ರ ಮೇ ತಿಂಗಳಲ್ಲಿ ಸರ್ಕಾರ ಅದರ ಕೆಳಗಿನ 500 ಮೆಗಾಹರ್ಟ್ಸ್ ಮುಕ್ತಗೊಳಿಸುವ ಕರಡು ನಿಯಮ ಹೊರಡಿಸಿತು.

ಹರಾಜಿನಲ್ಲಿ ಬಂದ ಹಣ ಬಜೆಟ್ಟಿನಲ್ಲಿ ಕಾಣುತ್ತೆ. ಗಾಯರಾಣದಿಂದ ಬರೋ ಲಾಭ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣೋದಿಲ್ಲ, ಅದಕ್ಕೇ ಒತ್ತುವರಿ ಮಾಡೋಕೆ ಎಲ್ಲರಿಗೂ ಅದೇ ಮೊದಲು ಕಣ್ಣಿಗೆ ಬೀಳೋದು. ನೀವು ಇವತ್ತು ಮನೆಯಿಂದ ಲಾಗಿನ್ ಆದ ವೈಫೈ, ಕಿವಿಗೆ ಸಿಕ್ಕಿಸಿಕೊಂಡ ಬ್ಲೂಟೂತ್, ಮಗ ಹಜಾರದಲ್ಲಿ ಸೋಫಾಗೆ ಗುದ್ದಿಸುವ ಕಾರು, ಮೂರೂ ಬೆಳೆದದ್ದು ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಕಲ್ಲುನೆಲದಲ್ಲಿ. ಅಲ್ಲಿ ಏನು ಬೆಳೆಯುತ್ತೆ ಅಂತ 1947ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಬೆಳೆಗೆ ಒಂದಿಷ್ಟು ನೆಲ ಬಿಟ್ಟಿರಬೇಕು ಅನ್ನೋದಷ್ಟೇ ನನ್ನ ವಾದ.