ನಾಕಾದ ಕೊನೆಯ ಪಾವತಿ

ನಮ್ಮೂರಿನ ಹುಬ್ಬಳ್ಳಿ ದಾರಿಯ ಬಾಯಲ್ಲಿ ಒಂದು ಕಲ್ಲಿನ ಕೋಣೆ ಇತ್ತು. ಎಂಟು ಹೆಜ್ಜೆ ಉದ್ದ, ಮುಂದೆ ಗಿಡ್ಡ ಕಟ್ಟೆ, ಗೋಡೆಯಲ್ಲಿ ಒಂದು ಕಬ್ಬಿಣದ ಬಳೆ. ಚಿಕ್ಕಂದಿನಲ್ಲಿ ಆ ಬಳೆಯೊಳಗೆ ಕೈ ತೂರಿಸಿ ಆಡುತ್ತಿದ್ದೆವು. ರಸ್ತೆಗೆ ಅಡ್ಡ ಎಳೆಯುವ ಸರಪಳಿಯನ್ನು ಅದಕ್ಕೇ ಸಿಗಿಸುತ್ತಿದ್ದರು ಎಂದು ಗೊತ್ತಾದದ್ದು ಬಹಳ ತಡವಾಗಿ. ಜನ ಅದನ್ನು ಹಳೇ ನಾಕಾ ಅನ್ನುತ್ತಿದ್ದರು. ನಾನು ಕಾಲೇಜಿಗೆಂದು ಊರು ಬಿಟ್ಟಿದ್ದಾಗ ರಸ್ತೆ ಅಗಲ ಮಾಡಿದರು, ಕೋಣೆ ಹೋಯಿತು. ಯಾವ ಸಭೆಯಲ್ಲಿ ಹಾಗೆ ತೀರ್ಮಾನವಾಯಿತು, ಕಲ್ಲುಗಳು ಎಲ್ಲಿಗೆ ಹೋದವು? ಅಷ್ಟು ತಿಳಿದರೆ ಸಾಕೆಂದು ಪುರಸಭೆಯ ಮೆಟ್ಟಿಲು ಹತ್ತಿದೆ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಠರಾವಿನ ನಕಲು ಕೇಳಿದ್ದೆ. ದಾಖಲೆ ಲಭ್ಯವಿಲ್ಲ ಎಂಬ ಉತ್ತರ ಬಂತು. ಎರಡನೇ ಅರ್ಜಿಯಲ್ಲಿ ನಕಲು ಕೇಳಲಿಲ್ಲ, ಕಡತಗಳನ್ನು ಖುದ್ದಾಗಿ ನೋಡಲು ಬಿಡಿ ಎಂದು ಬರೆದೆ. 2005ರ ಕಾಯ್ದೆ ಪರಿಶೀಲನೆಯ ಹಕ್ಕನ್ನೂ ಕೊಟ್ಟಿದೆ. ಈ ದಾರಿಯಲ್ಲಿ ಹೊರಡುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ.

ದಫ್ತರದ ಕೋಣೆಯ ಹಿಂಗೋಡೆ ಮಳೆಗಾಲದಲ್ಲಿ ಸೋರುತ್ತದೆ. ಕೆಂಪು ರುಮಾಲಿನ ಕಟ್ಟುಗಳು ಆ ಗೋಡೆಗೇ ಒರಗಿಕೊಂಡಿದ್ದವು. ಮೊದಲು ಬಿಚ್ಚಿದ ಕಟ್ಟಿನಲ್ಲಿ ನಡಾವಳಿ ಪುಸ್ತಕ ಇರಲಿಲ್ಲ, ಪಾವತಿ ಪುಸ್ತಕಗಳಿದ್ದವು. ನೇರಳೆ ಪೆನ್ಸಿಲಿನಲ್ಲಿ ಬರೆದ ಜಕಾತಿ ಪಾವತಿಗಳು. ಬೆಲ್ಲ, ತುಪ್ಪ, ಕಟ್ಟಿಗೆ, ಬಟ್ಟೆಯ ಗಂಟು. ಒಂದೊಂದರ ಎದುರಿಗೂ ತೂಕ, ದರ, ಕಾರಕೂನರ ಸಹಿ. ರಾತ್ರಿ ಪಾಳಿಯ ಅಕ್ಷರಗಳು ಹಗಲಿನವಕ್ಕಿಂತ ದೊಡ್ಡವು. ಕಂದೀಲಿನ ಬೆಳಕಿಗೆ ಹಾಗೆ ಬರೆದಿರಬೇಕು ಅನ್ನಿಸಿತು.

ಕೋಣೆ ಕೆಡವುವ ಠರಾವನ್ನು ಹುಡುಕಲು ಹೋದವನು ವಾರಗಟ್ಟಲೆ ಜಕಾತಿಯ ಹಿಂದೆ ಬಿದ್ದೆ. ಮುಂಬಯಿ ಪ್ರಾಂತ್ಯದ ನಮ್ಮ ಸೀಮೆಗೆ ಮುನ್ಸಿಪಾಲಿಟಿ ಬಂದದ್ದು 1850ರ 26ನೇ ಕಾಯ್ದೆಯಿಂದ. ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಬಂತು. ಆಮೇಲೆ 1901ರ ಮುಂಬಯಿ ಜಿಲ್ಲಾ ಮುನ್ಸಿಪಲ್ ಕಾಯ್ದೆ, ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಎಂದು 1964ರ ಪುರಸಭೆಗಳ ಕಾಯ್ದೆ. ಕಾಯ್ದೆ ಬದಲಾದರೂ ನಾಕಾ ಬದಲಾಗಲಿಲ್ಲ. ಬಳಕೆಗೋ ಮಾರಾಟಕ್ಕೋ ಊರೊಳಗೆ ಬರುವ ಸರಕು ಗಡಿಯಲ್ಲಿ ನಿಲ್ಲಬೇಕು, ಜಕಾತಿ ಕಟ್ಟಬೇಕು. ಬರೀ ಹಾದುಹೋಗುವ ಸರಕಾದರೆ ಇಟ್ಟ ಹಣವನ್ನು ಊರಾಚೆಯ ನಾಕಾದಲ್ಲಿ ಹಿಂದಕ್ಕೆ ಪಡೆಯಬಹುದು. ಚಕ್ಕಡಿಗಳ ಸಾಲು, ಕಾಯುವ ಬೇಸರ, ಕೈ ಬೆಚ್ಚಗೆ ಮಾಡುವ ದೂರು, ಎಲ್ಲವೂ ಇದ್ದವು. ಆ ಪದ್ಧತಿ ಹೋದದ್ದಕ್ಕೆ ಗಾಡಿ ಹೊಡೆಯುವವರು ನಿಟ್ಟುಸಿರು ಬಿಟ್ಟಿದ್ದರೆ ಅದು ನ್ಯಾಯವೇ.

ಆದರೆ ಆ ಹಣ ದಿನಾ ಬರುತ್ತಿತ್ತು, ಊರಿನ ಪೆಟ್ಟಿಗೆಗೇ ಬರುತ್ತಿತ್ತು. ದೇವರಾಜ ಅರಸರ ಸರ್ಕಾರ 1979ರ ಏಪ್ರಿಲ್ 1ರಿಂದ ಜಕಾತಿಯನ್ನು ರದ್ದು ಮಾಡಿತು. ಬದಲಿಗೆ ಪ್ರವೇಶ ತೆರಿಗೆ ಬಂತು. ಅದನ್ನು ವಸೂಲು ಮಾಡುತ್ತಿದ್ದುದು ರಾಜ್ಯ. ಪುರಸಭೆಗಳಿಗೆ ಪರಿಹಾರದ ಅನುದಾನ. ಕಾಗದದ ಮೇಲೆ ನಷ್ಟ ತುಂಬಿಕೊಟ್ಟ ಹಾಗೆ ಕಾಣುತ್ತದೆ. ನಡಾವಳಿ ಪುಸ್ತಕ ಬೇರೆಯದನ್ನೇ ಹೇಳುತ್ತದೆ. ಜಕಾತಿ ರದ್ದಾಗುವುದಕ್ಕೂ ಹಿಂದಿನ ಪುಟಗಳಲ್ಲಿ ಗಟಾರಿನ ಚಪ್ಪಡಿ, ಬೀದಿ ದೀಪ, ಬಾವಿಯ ಹೂಳು ಒಂದೇ ಸಭೆಯಲ್ಲಿ ಇತ್ಯರ್ಥವಾಗುತ್ತಿದ್ದವು: ಅಂದಾಜುಪತ್ರಿಕೆ ಓದಿದರು, ಮಂಜೂರು ಮಾಡಿದರು. ಆಮೇಲಿನ ಪುಟಗಳಲ್ಲಿ ಅನುದಾನ ಬಂದ ನಂತರ ಪರಿಶೀಲಿಸುವುದು ಎಂಬ ಮಾತು ಹೆಚ್ಚುತ್ತಾ ಹೋಗುತ್ತದೆ. ಅದೇ ಗಟಾರು, ಅದೇ ಬಾವಿ ಸಭೆಯಿಂದ ಸಭೆಗೆ ಮುಂದಕ್ಕೆ ಹೋಗುತ್ತವೆ. ಸದಸ್ಯರು ಸೋಮಾರಿಗಳಾದರು ಎಂದು ನಾನು ನಂಬುವುದಿಲ್ಲ. ಪೆಟ್ಟಿಗೆಯ ಕೀಲಿಕೈ ಅವರ ಬಳಿ ಉಳಿದಿರಲಿಲ್ಲ. ಪುರಸಭೆಗಳಿಗೆ ಸಂವಿಧಾನದಲ್ಲಿ ಸ್ಥಾನ ಸಿಕ್ಕಿದ್ದು 74ನೇ ತಿದ್ದುಪಡಿಯಿಂದ, 1993ರಲ್ಲಿ. ಚುನಾವಣೆ ಖಾತ್ರಿಯಾಯಿತು, ಹಣಕಾಸು ಆಯೋಗ ಬಂತು. ನಾಕಾದಲ್ಲಿ ಬೀಳುತ್ತಿದ್ದ ನಾಣ್ಯಕ್ಕೆ ಸಮನಾದದ್ದು ಊರಿನ ಕೈಗೆ ಬರಲಿಲ್ಲ.

ಠರಾವು ಕೊನೆಗೂ ಸಿಕ್ಕಿತು. ವಿಷಯಪಟ್ಟಿಯಲ್ಲಿ ಹುಡುಕಿದ್ದೇ ನನ್ನ ತಪ್ಪು. ಸಭೆಯ ತುದಿಗೆ, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಎತ್ತಿಕೊಂಡ ಇತರ ವಿಷಯಗಳಲ್ಲಿ, ಎರಡೂವರೆ ಸಾಲು. ರಸ್ತೆಗೆ ಅಡ್ಡಿಯಾದ ನಿರುಪಯುಕ್ತ ಕಟ್ಟಡ ತೆಗೆಯುವುದು, ಸಾಮಾನು ಹರಾಜು ಹಾಕುವುದು, ಸರ್ವಾನುಮತ. ನಾಕಾ ಎಂಬ ಹೆಸರೇ ಇಲ್ಲ. ಆಸ್ತಿ ರಿಜಿಸ್ಟರಿನಲ್ಲಿ ಆ ಕಟ್ಟಡಕ್ಕೆ ನಮೂದಿರಲಿಲ್ಲವಾದ್ದರಿಂದ ಹೆಸರು ಹಿಡಿದು ಕೇಳುವವರೂ ಇರಲಿಲ್ಲ. ಹರಾಜಿನ ಪಟ್ಟಿಯಲ್ಲಿ ಕಲ್ಲು, ತೊಲೆ, ಒಂದು ಬಾಗಿಲು. ಬಳೆಯ ಮಾತಿಲ್ಲ.

ಹೊರಡುವ ದಿನ ಪಾವತಿಯ ಕಟ್ಟನ್ನು ಮತ್ತೊಮ್ಮೆ ಬಿಚ್ಚಿದೆ. ಕೊನೆಯ ಪುಸ್ತಕದ ಕೊನೆಯ ಬರಹ 1979ರ ಮಾರ್ಚ್ 31ರದು: ಬೆಲ್ಲ, ದೊಡ್ಡ ಅಕ್ಷರಗಳಲ್ಲಿ. ಮುಂದಿನ ಹಾಳೆಯಲ್ಲಿ ಅಚ್ಚಾದ ನಂಬರು ಮಾತ್ರ ಇತ್ತು. ಗೋಡೆಯ ಕಡೆಯ ಅಂಚು ತೇವಕ್ಕೆ ಅಂಟಿಕೊಂಡಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಮೂರನೇ ಅರ್ಜಿ ಬರೆದೆ: ಈ ಕಟ್ಟುಗಳನ್ನು ಸೋರುವ ಗೋಡೆಯಿಂದ ಸರಿಸಿ, ಎತ್ತರದ ಕಪಾಟಿನಲ್ಲಿ ಇಡಬೇಕೆಂದು ವಿನಂತಿ. ಟಪಾಲು ಮೇಜಿನವರು ಓದಿದರು, ಒಮ್ಮೆ ಒಳಕೋಣೆಯ ಕಡೆ ನೋಡಿದರು, ಮುದ್ರೆ ಒತ್ತಿ ಆವಕ ಸಂಖ್ಯೆ ಬರೆದುಕೊಟ್ಟರು.