ನಗರ ಸೀಮೆಯ ಕೂಟಗಳು

ಶಿಕಾರಿಪುರ, ಸೊರಬ ಸೀಮೆಗಳು ಕೂಡುವ ಕಾಡಿನ ಮಗ್ಗುಲಲ್ಲಿ ಬಂದಳಿಕೆ ಎಂಬ ಹಾಳೂರಿದೆ. ಒಂದು ಕಾಲಕ್ಕೆ ಇದು ನಾಗರಖಂಡ ಎಪ್ಪತ್ತರ ರಾಜಧಾನಿ. ತ್ರಿಮೂರ್ತಿ ದೇಗುಲ, ಶಾಂತಿನಾಥ ಬಸದಿ, ಸುತ್ತ ಶಾಸನದ ಕಲ್ಲುಗಳು. ಗಂಡ ಮಡಿದ ಮೇಲೆ ತಾನೇ ನಾಡನ್ನಾಳಿ, ಕೊನೆಗೆ ಇಲ್ಲಿ ಸಲ್ಲೇಖನದಿಂದ ದೇಹವಿಟ್ಟ ಜಕ್ಕಿಯಬ್ಬೆಯನ್ನು ಹತ್ತನೆಯ ಶತಮಾನದ ಕಲ್ಲೊಂದು ಇಂದಿಗೂ ನೆನೆಯುತ್ತಿದೆ. ದಾನ ಕೊಟ್ಟವರ ಹೆಸರು, ತುರುಗಾಳಗದಲ್ಲಿ ಸತ್ತವರ ಹೆಸರು ಇಂಥ ಕಲ್ಲುಗಳಲ್ಲಿ ಸಿಗುತ್ತವೆ. ಪ್ರಭುವಿಗೆ ‘ಒಲ್ಲೆ’ ಎಂದವರ ಹೆಸರನ್ನು ಮಾತ್ರ ಕಲ್ಲುಕುಟಿಗನಿಂದ ಯಾರೂ ಕೆತ್ತಿಸಲಿಲ್ಲ. ಆದರೆ ಆ ಮಾತನ್ನಾಡಿದವರು ಈ ಸೀಮೆಯಲ್ಲಿ ಇದ್ದರು, ವಾಚಕರೇ. ಅವರ ಕಥೆಯನ್ನು ತಮ್ಮ ಮುಂದೆ ಇಡಬೇಕೆಂದೇ ಈ ಬರೆಹ.

ಟಿಪ್ಪುವಿನ ಮರಣಾನಂತರ, 1799ರಲ್ಲಿ, ಮೈಸೂರಿನ ಸಿಂಹಾಸನ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತಷ್ಟೆ. ಅದರೊಡನೆ ಕಂಪನಿ ಸರ್ಕಾರಕ್ಕೆ ವರ್ಷಂಪ್ರತಿ ಏಳು ಲಕ್ಷ ವರಹದ ಪೊಗದಿಯೂ ಬಂದಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಬೊಕ್ಕಸ ತುಂಬಿತ್ತು. ಆಮೇಲೆ ಬರಿದಾಯಿತು. ಹಣ ಒದಗಿಸಲು ಪ್ರಬಲವಾದದ್ದು ‘ಷರತ್ತು’ ಪದ್ಧತಿ. ತಾಲ್ಲೂಕಿನ ಅಮಲ್ದಾರನು ಇಷ್ಟು ಹಣ ಎತ್ತಿಕೊಡುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು. ಕಡಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಹೆಚ್ಚು ಬಂದರೆ ಅದೂ ಸರ್ಕಾರದ್ದೇ. ಇಂಥ ಕರಾರಿಗೆ ರುಜು ಹಾಕಿದವನು ಪ್ರಾಮಾಣಿಕನಾಗಿ ಉಳಿಯುವುದೆಂತು? ತನ್ನ ಗಂಟಿಗೆ ಕೈಹಾಕುವ ಬದಲು ರೈತನ ಕಣಜಕ್ಕೆ ಕೈಹಾಕುತ್ತಿದ್ದನು.

ಕಂದಾಯವಂತೂ ಸರಿ. ಚಿಲ್ಲರೆ ತೆರಿಗೆಗಳ ಮಾತು ಕೇಳಿ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ! ಒಂದೂರಿನವರು, ಹಿಂದೆಂದೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ತಪ್ಪಿಗೆ ತೆರುತ್ತಲೇ ಇದ್ದರು. ನಗರದಲ್ಲಿ ಒಂದು ಗೊತ್ತಾದ ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದವನು ತೆರಿಗೆ ಕೊಡಬೇಕಾಗಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ನಾನು ಕಟ್ಟಿದ ಕಥೆಯೆಂದು ಅವರ ಎಣಿಕೆ. ಕಥೆಯಲ್ಲ. ಇವೆಲ್ಲ ಸರ್ಕಾರದ ಲೆಕ್ಕಪತ್ರಗಳಲ್ಲಿ ದಾಖಲಾಗಿದ್ದ ಬಾಬುಗಳು. ಮುಂದೆ ಕಮಿಷನರ್ ಕಬ್ಬನ್ನರ ಕಾಲದಲ್ಲಿ ರದ್ದಾದ ಇಂಥ ಬಾಬುಗಳು 769.

ನಗರದ ಫೌಜುದಾರಿಗೆ ಶಿಕಾರಿಪುರ, ಸೊರಬ ಎರಡೂ ಸೇರಿದ್ದವು. ಅಲ್ಲಿ ಬಹುಕಾಲ ರಾಮರಾಯನೆಂಬ ಫೌಜುದಾರನದೇ ಕಾರುಬಾರು; ಆಯಕಟ್ಟಿನ ಹುದ್ದೆಗಳಲ್ಲಿ ಅವನ ಬಂಧುಬಳಗ. ಅವನ ಬಳಿಕ ಬಂದವನು ಮನ್ನಾ ಆಗಿದ್ದ ಹಳೆಯ ಬಾಕಿಗಳನ್ನು ಮತ್ತೆ ಕೆದಕಿದನು. 1830ರ ಮಳೆಗಾಲದ ಹೊತ್ತಿಗೆ ರೈತರು ಊರೂರಲ್ಲಿ ‘ಕೂಟ’ ಕಟ್ಟಿದರು. ಕೂಟವೆಂದರೆ ದಂಡಲ್ಲ, ದರೋಡೆಯಲ್ಲ. ಪಟೇಲರು, ಒಕ್ಕಲುಗಳು ಒಂದೆಡೆ ನೆರೆದು, ನಮ್ಮ ದೂರು ಕೇಳುವವರೆಗೆ ಕಂದಾಯ ಕೊಡೆವೆಂದು ಕುಳಿತುಕೊಳ್ಳುವುದು. ಆ ದೂರಾದರೂ ಯಾರ ಮೇಲೆ? ಅಮಲ್ದಾರನ ಮೇಲೆ, ಫೌಜುದಾರನ ಮೇಲೆ. ‘ಮಹಾಸ್ವಾಮಿಯವರಿಗೆ ತಿಳಿದರೆ ಸರಿಹೋಗುತ್ತದೆ’ ಎಂಬುದೇ ಮೊದಮೊದಲ ಭಾವನೆ.

ಮಹಾಸ್ವಾಮಿಯವರು 1830ರ ಡಿಸೆಂಬರಿನಲ್ಲಿ ಮೈಸೂರು ಬಿಟ್ಟು ಚನ್ನರಾಯಪಟ್ಟಣದವರೆಗೆ ಬಂದದ್ದೂ ಉಂಟು. ಬಂದದ್ದು ದೂರು ಕೇಳುವುದಕ್ಕಿಂತ ಹೆಚ್ಚಾಗಿ ದಂಡಿಸುವುದಕ್ಕೆ. ಕೂಟದ ಮುಂದಾಳುಗಳು ಕೆಲವರು ಗಲ್ಲಿಗೇರಿದರು. ಆಗ ರೈತರು ಇನ್ನೊಬ್ಬ ಅರಸನನ್ನು ಹುಡುಕಿಕೊಂಡರು. ಬಿದನೂರಿನ ಸಂಸ್ಥಾನ 1763ರಲ್ಲಿಯೇ ಹೈದರನ ವಶವಾಗಿತ್ತು. ಅದರ ಹಕ್ಕುದಾರನು ತಾನೆಂದು ಬೂದಿ ಬಸವಪ್ಪನು ಎದ್ದು ನಿಂತನು. ಅವನ ನಿಜನಾಮ ಸಾದರ ಮಲ್ಲ. ಹುಟ್ಟಿದ್ದು ರೈತನ ಮನೆಯಲ್ಲಿ. ಕೈಯಲ್ಲಿ ಹಳೆಯ ಅರಸುಮನೆಯ ಮೊಹರುಗಳು, ಬಾಯಲ್ಲಿ ಬಾಕಿ ಮಾಫಿಯ ಮಾತು. ತರೀಕೆರೆಯ ಸರ್ಜಾ ರಂಗಪ್ಪನಾಯಕನೂ ಕೂಡಿಕೊಂಡನು. ಮೈಸೂರಿನ ದಂಡಿನಿಂದ ಆಗದೆ ಕಂಪನಿಯ ದಂಡು ಬಂದಿತು. ಹೊನ್ನಾಳಿಯ ಕಡೆ ಸೆರೆಸಿಕ್ಕವರನ್ನು ನೇಣಿಗೆ ಹಾಕಿದರು. 1831ರ ಜೂನ್ ತಿಂಗಳಲ್ಲಿ ನಗರದ ಕೋಟೆ ಬಿದ್ದಿತು.

ಮೊಹರು ತೋರಿಸಿದವನ ಹಿಂದೆ ಹೋದರಲ್ಲ, ಎಂಥ ಮುಗ್ಧರು ಎಂದು ನಗಬೇಡಿ. ಭೂಮಂಡಲದ ಆ ಕೊನೆಯಲ್ಲಿ, ರಷ್ಯಾದ ಝಾರ್ ಚಕ್ರವರ್ತಿಗಳ ನಿರಂಕುಶ ಪ್ರಭುತ್ವದಲ್ಲಿಯೂ ಹೀಗೆಯೇ ನಡೆಯಿತು. ಸತ್ತ ಮೂರನೆಯ ಪೀಟರನೇ ತಾನೆಂದು ಪುಗಚೋವನು 1773ರಲ್ಲಿ ಎದ್ದಾಗ ಸಾವಿರಾರು ಜೀತದಾಳುಗಳು ಅವನ ಬೆನ್ನಿಗೆ ನಿಂತರು. 1825ರ ಡಿಸೆಂಬರಿನಲ್ಲಿ ವಿದ್ಯಾವಂತ ಸೇನಾಧಿಕಾರಿಗಳು ಪೀಟರ್ಸ್‌ಬರ್ಗಿನ ಚೌಕದಲ್ಲಿ ಸೈನಿಕರನ್ನು ನಿಲ್ಲಿಸಿ ಹೊಸ ಝಾರನಿಗೆ ಪ್ರಮಾಣ ಮಾಡೆವೆಂದರು. ಮರುವರ್ಷ ಐವರಿಗೆ ಗಲ್ಲಾಯಿತು. 1861ರಲ್ಲಿ ಜೀತವಿಮೋಚನೆಯ ಶಾಸನ ಹೊರಟಾಗ ಬೆಜ್ದ್ನಾ ಎಂಬ ಹಳ್ಳಿಯ ಆಂಟನ್ ಪೆತ್ರೋವ್ ಅದನ್ನು ತಾನೇ ಓದಿ, ಝಾರನು ಪೂರ್ಣ ಸ್ವಾತಂತ್ರ್ಯವನ್ನೇ ಕೊಟ್ಟಿದ್ದಾನೆ, ಜಮೀನುದಾರರು ಮುಚ್ಚಿಟ್ಟಿದ್ದಾರೆ ಎಂದು ಸಾರಿದನು. ರೈತರು ನಂಬಿ ಅವನ ಸುತ್ತ ನೆರೆದರು. ಗುಂಡು ಹಾರಿತು. ಅವನಿಗೂ ಮರಣದಂಡನೆ. ಹಳ್ಳಿಗನಿಗೆ ಸಭೆಯಿಲ್ಲ, ಪತ್ರಿಕೆಯಿಲ್ಲ, ವಕೀಲನಿಲ್ಲ. ಇದ್ದದ್ದು ಒಬ್ಬ ಅರಸ. ಇರುವ ಅರಸನು ಕೇಳದಿದ್ದರೆ ಕೇಳಬಲ್ಲ ಅರಸನೊಬ್ಬನು ಎಲ್ಲಿಯಾದರೂ ಇರಲೇಬೇಕೆಂದು ಅವನು ತರ್ಕಿಸಿದನು. ನನಗೆ ಇದು ಮುಗ್ಧತೆಯಾಗಿ ಕಾಣುವುದಿಲ್ಲ.

ನಗರದ ರೈತರ ದೂರನ್ನು ಕೊನೆಗೆ ಕೇಳಿದವರುಂಟು. ಆದರೆ ಅವರು ಬಯಸಿದ ಬಗೆಯಲ್ಲಲ್ಲ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಸಂಸ್ಥಾನದ ಆಡಳಿತವನ್ನೇ ಕಿತ್ತುಕೊಂಡನು. ಆಮೇಲೆ ವಿಚಾರಣಾ ಸಮಿತಿ. 1833ರ ಡಿಸೆಂಬರಿನಲ್ಲಿ ಅದರ ವರದಿ. ಷರತ್ತಿನ ಅನ್ಯಾಯ ನಮಗೆ ತಿಳಿದುಬಂದಿರುವುದು ಬಹುಮಟ್ಟಿಗೆ ಆ ವರದಿಯಿಂದಲೇ. ತೀರ್ಪು ಮೊದಲು, ವಿಚಾರಣೆ ಆಮೇಲೆ! ಕೂಟ ಕಟ್ಟಿದವರು ಸಂಸ್ಥಾನವನ್ನು ಕಂಪನಿಗೆ ಕೊಡಿರೆಂದು ಕೇಳಿರಲಿಲ್ಲ. ಅದು ಒಡೆಯರ ಮನೆತನಕ್ಕೆ ಹಿಂದಿರುಗಿದ್ದು 1881ರಲ್ಲಿ.

ಬಂದಳಿಕೆಯಿರುವ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಈಸೂರು ಇದೆ. 1942ರಲ್ಲಿ ಆ ಊರಿನವರು ತಮ್ಮ ಗ್ರಾಮ ಸ್ವತಂತ್ರವೆಂದು ಸಾರಿದರು. ಈ ಸಲ ಅವರು ಯಾವ ಹಳೆಯ ವಂಶದ ಮೊಹರನ್ನೂ ಹುಡುಕಲಿಲ್ಲ. ಊರಿನ ಹುಡುಗನೊಬ್ಬನನ್ನು ಅಮಲ್ದಾರನೆಂದೂ ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರನೆಂದೂ ತಾವೇ ನೇಮಿಸಿಕೊಂಡರು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಬಂದರು. ಗಲಭೆಯಲ್ಲಿ ಇಬ್ಬರೂ ಸತ್ತರು. 1943ರ ಮಾರ್ಚಿಯಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಹಾಲಪ್ಪ, ಸೂರ್ಯನಾರಾಯಣಾಚಾರ್, ಶಂಕರಪ್ಪ. ಊರಿನಲ್ಲಿ ಅವರಿಗೆ ಸ್ಮಾರಕವಿದೆ.